ರಿಂಗ್‌ಕ್ರಾಗನ್ ಅಸಲಿಯೋ ನಕಲಿಯೋ: ನಾನು ಕತ್ತಲಲ್ಲಿ ಕೂತು ಕಂಡದ್ದು

ಎರಡನೇ ಮಹಾಯುದ್ಧದ ಜರ್ಮನ್ ಮಿಲಿಟರಿ ಪೊಲೀಸರ ಕೊರಳ ಪ್ಲೇಟನ್ನು, ಅಂದರೆ ರಿಂಗ್‌ಕ್ರಾಗನ್ನನ್ನು, ಕತ್ತಲಲ್ಲಿ ಕೂತು ಪರೀಕ್ಷೆ ಮಾಡುತ್ತೇನೆ ಎಂದಾಗ ಜೊತೆಯ ಸಂಗ್ರಾಹಕರು ಯಾರೂ ಒಪ್ಪಲಿಲ್ಲ. ಚೈನ್ ನೋಡು, ಹಿಂಬದಿ ನೋಡು, ಅಷ್ಟು ಸಾಕು ಎಂದರು. ಅಷ್ಟನ್ನೇ ನೋಡಿ ನಾನು ಎರಡು ಸಲ ಮೋಸ ಹೋಗಿದ್ದೆ. ಮೊದಲನೆಯದಕ್ಕೆ ಸುಮಾರು 400 ಯೂರೊ ಹೋಯಿತು, ಎರಡನೆಯದಕ್ಕೆ 550ರ ಹತ್ತಿರ. ಎರಡಕ್ಕೂ ಒಳ್ಳೇ ತುಕ್ಕು ಹಿಡಿದಿತ್ತು. ತುಕ್ಕು ಬರಿಸೋಕೆ ಉಪ್ಪುನೀರು ಸಾಕು, ಅಲ್ವಾ?

ಅದಕ್ಕೇ ಹೊಳೆಯುವ ಬಣ್ಣದ ಹಿಂದೆ ಬಿದ್ದೆ. ಹದ್ದು, ಫೆಲ್ಡ್‌ಜಾಂಡರ್ಮೆರಿ (ಆ ಮಿಲಿಟರಿ ಪೊಲೀಸ್ ಪಡೆಯ ಹೆಸರು) ಎಂಬ ಅಕ್ಷರಗಳು, ಮೂಲೆಯ ಎರಡು ಗುಂಡಿ, ಇವಕ್ಕೆ ರಾತ್ರಿ ಕಾಣಲೆಂದು ಆ ಬಣ್ಣ ಬಳಿಯುತ್ತಿದ್ದರು. ಬೆಳಕು ಬಿಟ್ಟು ಕತ್ತಲಲ್ಲಿಟ್ಟರೆ ಆ ಕಾಲದ ಜಿಂಕ್ ಸಲ್ಫೈಡ್ ಬಣ್ಣ ಬೇಗ ಮಂಕಾಗುತ್ತದೆ. ಹಳೆಯದಾದಷ್ಟೂ ಸೊರಗುತ್ತದೆ. ಗಂಟೆಗಟ್ಟಲೆ ಹೊಳೆಯುವ ಸ್ಟ್ರಾನ್ಷಿಯಂ ಅಲ್ಯೂಮಿನೇಟ್ ಬಣ್ಣ ಬಂದದ್ದು 1990ರ ದಶಕದಲ್ಲಿ.

ಕಿಟಕಿಗೆ ಕಂಬಳಿ ಕಟ್ಟಿದೆ. ಒಂದು ನಿಮಿಷ ಯುವಿ ಟಾರ್ಚ್ ಬಿಟ್ಟೆ. ಮೊದಲ ಸಲ ಕೆಟ್ಟಿತು, ಟೈಮ್ ನೋಡಲು ಇಟ್ಟ ಮೊಬೈಲಿನ ಬೆಳಕೇ ಕೋಣೆ ತುಂಬಿತ್ತು. ಮರುದಿನ ಮೊಬೈಲ್ ಹೊರಗಿಟ್ಟು ಬಾಯಲ್ಲೇ ಎಣಿಸಿದೆ. 550ರ ಪ್ಲೇಟಿಗೆ ಬೆಳಕು ಬಿಟ್ಟದ್ದು ರಾತ್ರಿ ಹತ್ತಕ್ಕೆ. ಎರಡು ಗಂಟೆಗೆ ಎದ್ದು ನೋಡಿದರೂ ಅಕ್ಷರ ಓದುವ ಹಾಗಿತ್ತು! ಹೊಟ್ಟೆ ಉರಿಯಿತು, ಆದರೆ ವಿಧಾನ ಗೆದ್ದಿತ್ತು.

400ರದ್ದು ಏಳೆಂಟು ನಿಮಿಷಕ್ಕೆ ಆರಿತು. ಬೇಗ ಆರಿದ ಮಾತ್ರಕ್ಕೆ ಅಸಲಿ ಅಲ್ಲ, ಇದನ್ನು ಮರೆಯಬೇಡಿ. ಲೆನ್ಸ್ ಹಿಡಿದಾಗ ಬಣ್ಣ ತುಕ್ಕಿನ ಕುಳಿಯೊಳಗೇ ಇಳಿದಿತ್ತು. ಅಂದರೆ ತುಕ್ಕು ಹಿಡಿದ ಮೇಲೆ ಬಳಿದದ್ದು. ಯಾವ ಅಕ್ಷರದ ಯಾವ ಅಂಚಿನಲ್ಲಿ ಮೊದಲು ನೋಡುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನಕಲಿ ಮಾಡುವವರೂ ಓದುತ್ತಾರೆ.

ಇದೇ ಟಾರ್ಚನ್ನು ಸಮವಸ್ತ್ರದ ತೋಳಿನ ಪಟ್ಟಿಗಳ ಮೇಲೂ ಬಿಟ್ಟೆ. ದಾರ ನೀಲಿಯಾಗಿ ಹೊಳೆದರೆ ಯುದ್ಧದ ನಂತರದ್ದು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅನುಮಾನ. ಸ್ವಲ್ಪವೂ ಹೊಳೆಯದ ಹಳೇ ಹತ್ತಿ ಬಟ್ಟೆಯ ತುಂಡೊಂದನ್ನು ಈಗಿನ ಸೋಪಿನ ಪುಡಿಯಲ್ಲಿ ಒಂದೇ ಸಲ ಒಗೆದೆ. ಟ್ಯೂಬ್‌ಲೈಟಿನ ಹಾಗೆ ಹೊಳೆಯಿತು. ಎಷ್ಟು ಒಳ್ಳೇ ಪಟ್ಟಿಗಳನ್ನು ಸುಮ್ನೆ ನಕಲಿ ಎಂದು ಬಿಟ್ಟಿದ್ದೇವೋ.

ಜರ್ಮನಿಯಲ್ಲಿ ಕೊಳ್ಳುವಾಗ ಇನ್ನೊಂದು ತೊಡಕು. ನಾಜಿ ಚಿಹ್ನೆಗಳ ಮೇಲಿನ ಕಾನೂನಿಗೆ ಹೆದರಿ ಹದ್ದಿನ ಸ್ವಸ್ತಿಕದ ಮೇಲೆ ಟೇಪ್ ಅಂಟಿಸಿರುತ್ತಾರೆ. ನೋಡಬೇಕಾದ ಬಣ್ಣ ಎಷ್ಟೋ ಸಲ ಅದರ ಕೆಳಗೇ ಸಿಕ್ಕಿಕೊಂಡಿರುತ್ತದೆ. ಟೇಪನ್ನು ಮಾರುವವರ ಕೈಯಲ್ಲೇ ನಿಧಾನಕ್ಕೆ ತೆಗೆಸಿ.

ಮೂರನೆಯ ಪ್ಲೇಟಿಗೆ 650ರಷ್ಟು ಕೊಟ್ಟೆ. ಎರಡು ನಿಮಿಷಕ್ಕೆ ಮಂಕಾಯಿತು, ಬಣ್ಣದ ಮೇಲೆಯೇ ತುಕ್ಕು ಹತ್ತಿದೆ. ನನ್ನನ್ನು ನಂಬದಿದ್ದ ಮೂವರಲ್ಲಿ ಇಬ್ಬರು ಈಗ ತಮ್ಮ ಪ್ಲೇಟುಗಳನ್ನು ನನ್ನ ಕತ್ತಲ ಕೋಣೆಗೇ ತರುತ್ತಾರೆ.