ಒವಾವ ಅಂದರೆ ಊರೋ, ಹೊಳೆಯೋ? ವ್ರೊತ್ಸ್ವಾಫ್‌ಗೆ ಹೊಸದಾಗಿ ಬಂದವರಿಗೆ

ಪೋಲೆಂಡಿನ ವ್ರೊತ್ಸ್ವಾಫ್‌ಗೆ ಕೆಲಸಕ್ಕೋ ಓದುವುದಕ್ಕೋ ಬಂದು ಈಗ ಮನೆ ಹುಡುಕುತ್ತಿದ್ದೀರಾ? ಹಾಗಾದರೆ "ಒವಾವ ಹತ್ತಿರ" ಅಂತ ಯಾರಾದರೂ ಹೇಳಿದರೆ ತಕ್ಷಣ ಕೇಳಿ, ಊರಾ, ಹೊಳೆಯಾ ಅಂತ. ಒವಾವ ಊರಿಗೆ ಇಲ್ಲಿಂದ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಒವಾವ ಹೊಳೆ ಮಾತ್ರ ಆ ಊರನ್ನು ದಾಟಿ ಬಂದು, ವ್ರೊತ್ಸ್ವಾಫ್ ಒಳಗೇ ಓಡ್ರಾ ನದಿಯನ್ನು ಸೇರುತ್ತದೆ. ನಗರದ ನಲ್ಲಿ ನೀರು ಬರುವುದೂ ಇದರಿಂದಲೇ. ಸಾಲದ್ದಕ್ಕೆ ನಿಸಾ ಕ್ವೊದ್ಸ್ಕಾ ನದಿಯ ನೀರನ್ನು ಕಾಲುವೆಯಲ್ಲಿ ತಂದು ಇದಕ್ಕೆ ಬಿಡುತ್ತಾರೆ.

1945ಕ್ಕೆ ಮುಂಚೆ ಈ ಪ್ರದೇಶ ಜರ್ಮನಿಯಲ್ಲಿತ್ತು. ಆಗ ಊರು ಓಲಾವ್, ಹೊಳೆ ಓಲೆ. ಸ್ವಲ್ಪವಾದರೂ ವ್ಯತ್ಯಾಸ ಇತ್ತು. ಪೋಲಿಷ್‌ನಲ್ಲಿ ಎರಡೂ ಒಂದೇ. ನಮ್ಮ ಕುಮಟಾ ಕಡೆ ಅಘನಾಶಿನಿ ಅಂದರೆ ನದಿಯೂ ಹೌದು, ಅದರ ಬಾಯಿಯಲ್ಲಿರುವ ಊರೂ ಹೌದಲ್ವಾ, ಹಾಗೇ.

ಪೋಲಿಷ್ ಜನಕ್ಕೆ ಇದರಲ್ಲಿ ಗೊಂದಲವಿಲ್ಲ. "ವ್ ಒವಾವ್ಯೆ" ಅಂದರೆ ಊರಿನಲ್ಲಿ. "ನಾದ್ ಒವಾವೊಂ" ಅಂದರೆ ಹೊಳೆ ದಂಡೆಯಲ್ಲಿ. ಹೆಸರಿನ ಕೊನೆ ಬದಲಾಗುವುದಕ್ಕೆ ಹೆದರಬೇಡಿ, ಅದನ್ನು ಕಲಿಯಲು ಟೈಮ್ ಬೇಕು. ಸದ್ಯಕ್ಕೆ ಮುಂದಿರುವ ಆ ಪುಟ್ಟ ಪದವನ್ನು ಕೇಳಿಸಿಕೊಂಡರೆ ಸಾಕು.

ನಿಜವಾದ ತಲೆನೋವು ಬಿಸ್ಟ್ಶಿತ್ಸಾ. ಜೋರಾಗಿ ಹರಿಯುವ ಹೊಳೆಗೆ ಇಡುವ ಹೆಸರು, ಹಾಗಾಗಿ ಎಲ್ಲೆಲ್ಲೂ ಸಿಗುತ್ತದೆ. ವ್ರೊತ್ಸ್ವಾಫ್‌ನ ಪಶ್ಚಿಮಕ್ಕೆ ಲೆಶ್ನಿತ್ಸಾ ಬಡಾವಣೆಯ ಮೂಲಕ ಹಾದು ಓಡ್ರಾ ಸೇರುವ ಬಿಸ್ಟ್ಶಿತ್ಸಾ ಒಂದು. ದೇಶದ ಪೂರ್ವದಲ್ಲಿ ಲುಬ್ಲಿನ್ ನಗರದ ಹೊಳೆಯೂ ಬಿಸ್ಟ್ಶಿತ್ಸಾನೇ. ಬಿಸ್ಟ್ಶಿತ್ಸಾ ಕ್ವೊದ್ಸ್ಕಾ ಅನ್ನುವ ಊರು ದಕ್ಷಿಣದ ಬೆಟ್ಟಗಳ ಕಡೆ ಇದೆ. ಇನ್ನೊಂದು ಬರೀ ಬಿಸ್ಟ್ಶಿತ್ಸಾ ಅನ್ನುವ ಹಳ್ಳಿ, ಅದು ಒವಾವ ಊರಿನ ಪಕ್ಕ. ಅಂದರೆ ನಗರದ ಪೂರ್ವಕ್ಕೆ, ಪಶ್ಚಿಮದ ಆ ಹೊಳೆಗೆ ಪೂರಾ ವಿರುದ್ಧ ದಿಕ್ಕು! ಮ್ಯಾಪಿನಲ್ಲಿ ಸುಮ್ನೆ ಹೆಸರು ಟೈಪ್ ಮಾಡಿ ಮೊದಲು ಬಂದದ್ದನ್ನು ಒತ್ತಿದರೆ ಎಲ್ಲಿಗೆ ಹೋಗುತ್ತೀರೋ ಹೇಳಲಾಗದು. ಶ್ಲೆಂಜಾ ಕೂಡ ಹೆಚ್ಚುಕಮ್ಮಿ ಹೀಗೇ: 718 ಮೀಟರ್ ಎತ್ತರದ ಬೆಟ್ಟ, ಒಂದು ಹೊಳೆ, ನಗರದ ಅಂಚಿಗೆ ಒಂದು ಹಳ್ಳಿ. ವಾರಾಂತ್ಯಕ್ಕೆ "ಶ್ಲೆಂಜಾಗೆ ಬರ್ತೀಯಾ?" ಅಂತ ಕರೆದರೆ ಬೆಟ್ಟವೇ, ಶೂ ಹಾಕಿಕೊಂಡು ಹೋಗಿ.

ಮಳೆ ಜಾಸ್ತಿಯಾದಾಗ ಈ ವಿಷಯ ತಮಾಷೆಯಲ್ಲ. 2024ರ ಸೆಪ್ಟೆಂಬರ್ ಪ್ರವಾಹದಲ್ಲಿ ನಿಸಾ ಊರಿನ ಜನಕ್ಕೆ ಜಾಗ ಖಾಲಿ ಮಾಡಿ ಅಂತ ಮೇಯರ್ ಹೇಳಬೇಕಾಯಿತು. ಆ ಊರು ಇರುವುದು ನಿಸಾ ಕ್ವೊದ್ಸ್ಕಾ ನದಿಯ ಮೇಲೆ. ಜರ್ಮನಿಯ ಗಡಿಯಲ್ಲಿ ಹರಿಯುವ ನಿಸಾ ವುಜಿತ್ಸ್ಕಾ ಬೇರೆ ನದಿ. ಸುದ್ದಿಯಲ್ಲಿ ಬರೀ "ನಿಸಾ" ಅಂತ ಕಂಡರೆ ಎರಡನೆಯ ಪದ ಹುಡುಕಿ. ಸರ್ಕಾರದ ಭದ್ರತಾ ಕೇಂದ್ರ (ಆರ್‌ಸಿಬಿ) ಕಳಿಸುವ ಎಚ್ಚರಿಕೆ ಎಸ್ಸೆಮ್ಮೆಸ್ ಸಾಮಾನ್ಯವಾಗಿ ಪೋಲಿಷ್‌ನಲ್ಲೇ ಇರುತ್ತದೆ. ಹಾಗಾಗಿ ನಿಮ್ಮ ಗ್ಮಿನಾ ಮತ್ತು ಪೊವಿಯಾತ್ ಹೆಸರನ್ನು ಬಾಯಿಪಾಠ ಮಾಡಿಕೊಳ್ಳಿ. ಗ್ಮಿನಾ ಅಂದರೆ ಕೆಲವು ಹಳ್ಳಿಗಳನ್ನೋ ಒಂದು ಊರನ್ನೋ ನೋಡಿಕೊಳ್ಳುವ ಸ್ಥಳೀಯ ಆಡಳಿತ, ಪೊವಿಯಾತ್ ಅದಕ್ಕಿಂತ ದೊಡ್ಡದು. 112ಕ್ಕೆ ಫೋನ್ ಮಾಡಿದರೂ ಊರಿನ ಹೆಸರಿನ ಜೊತೆ ಇವನ್ನು ಹೇಳಿ.

ಮನೆ ವಿಷಯಕ್ಕೆ ಬಂದರೆ ಪಿನ್ ಕೋಡ್ ನೋಡಿ. ವ್ರೊತ್ಸ್ವಾಫ್ ನಗರದ್ದು 50ರಿಂದ 54ರವರೆಗಿನ ಅಂಕಿಯಲ್ಲಿ ಶುರುವಾಗುತ್ತದೆ. ಜಾಹೀರಾತಿನಲ್ಲಿ "ವ್ರೊತ್ಸ್ವಾಫ್" ಅಂತಿದ್ದು ಕೋಡ್ 55 ಅಂತ ಶುರುವಾದರೆ ಅದು ನಗರದ ಹೊರಗೆ. ಒವಾವ ಊರಿನದು 55-200. ಎಷ್ಟೋ ಚಿಕ್ಕ ಹಳ್ಳಿಗಳಲ್ಲಿ ಬೀದಿ ಹೆಸರೇ ಇರುವುದಿಲ್ಲ. ಹಳ್ಳಿಯ ಹೆಸರು, ಅದಾದ ಮೇಲೆ ಮನೆ ನಂಬರ್, ಅಷ್ಟೇ. ಅಂಥ ಕಡೆ ಕೋಡ್ ಒಂದಂಕಿ ತಪ್ಪಿದರೂ ಅಮ್ಮ ಕಳಿಸಿದ ಚಟ್ನಿಪುಡಿ ಇನ್ಯಾವುದೋ ಬಿಸ್ಟ್ಶಿತ್ಸಾಗೆ ಹೋದೀತು.