ಹಳೇ ಪಾಯಿಂಟ್ ಟೂ ಟೂ ಕಾರ್ಟ್ರಿಜ್: ನೋಡಿ, ಆರಿಸಿ, ಆಮೇಲೆ ಹೊಡೆಯಿರಿ

ಆಯುಧ ಪೂಜೆಗೆ ತುಮಕೂರಿನ ಹತ್ತಿರ ಗೆಳೆಯರ ತೋಟದ ಮನೆಗೆ ಹೋಗಿದ್ದೆ. ರೈಫಲ್‌ಗೆ ಎಣ್ಣೆ ಹಚ್ಚಿದ್ದರು, ಸರಿ. ಅದೇ ಬಟ್ಟೆಯಲ್ಲಿ ಗುಂಡೂ ಮದ್ದೂ ಸೇರಿರುವ ಹಿತ್ತಾಳೆ ಕಾರ್ಟ್ರಿಜ್‌ಗಳನ್ನೂ ಒರೆಸಿ ಬಾಳೆಎಲೆ ಮೇಲೆ ಸಾಲಾಗಿ ಇಟ್ಟಿದ್ದರು. ನೋಡಿ ಎದೆ ಧಸಕ್ ಎಂದಿತು.

1887ರಿಂದ ಬಳಕೆಯಲ್ಲಿರುವ, ಸುಮಾರು 0.22 ಇಂಚು ದಪ್ಪದ ಗುಂಡಿನ ಪಾಯಿಂಟ್ ಟೂ ಟೂ ಲಾಂಗ್ ರೈಫಲ್ ಕಾರ್ಟ್ರಿಜ್‌ಗೆ ಕಿಡಿ ಹತ್ತಿಸಲು ಪ್ರತ್ಯೇಕ ಕ್ಯಾಪ್ ಇರುವುದಿಲ್ಲ. ಕಿಡಿ ಹತ್ತಿಸುವ ಮದ್ದು ತಳದ ಅಂಚಿನ ಒಳಗೇ ಇರುತ್ತದೆ. ಎಣ್ಣೆ ಗುಂಡಿನ ಪಕ್ಕದಿಂದ ಒಳಗೆ ಇಳಿದರೆ ಆ ಮದ್ದು ಸತ್ತುಹೋಗಬಹುದು. ಒಣಬಟ್ಟೆ ಸಾಕು, ಎಣ್ಣೆ ಬೇಡವೇ ಬೇಡ.

ಇಡುವುದು ಸುಲಭ: ಮೂಲ ಡಬ್ಬಿಯಲ್ಲಿ, ತಂಪಾದ ಒಣ ಜಾಗದಲ್ಲಿ, ಬೀಗ ಹಾಕಿ. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ. ಚೆನ್ನಾಗಿ ಇಟ್ಟರೆ ಹತ್ತಾರು ವರ್ಷ ಕೆಡುವುದಿಲ್ಲ.

ಆರಿಸುವಾಗ ಬೆಳಕಿಗೆ ಹಿಡಿದು ನೋಡಿ. ಹಿತ್ತಾಳೆ ಸ್ವಲ್ಪ ಮಂಕಾಗಿದ್ದರೆ ಚಿಂತೆಯಿಲ್ಲ. ಹಸಿರು ಕಿಲುಬು ಆಳಕ್ಕೆ ಇಳಿದಿದ್ದರೆ, ಬಿರುಕಿದ್ದರೆ, ಅಂಚು ನುಜ್ಜಾಗಿದ್ದರೆ, ಗುಂಡು ಬೆರಳಿಗೆ ಅಲುಗಿದರೆ ಬೇರೆ ಇಡಿ. ಹುಣಸೆಹಣ್ಣು ಹಾಕಿ ಬೆಳಗುವವರೂ ಇದ್ದಾರೆ, ದಯವಿಟ್ಟು ಬೇಡ. ಅಮೋನಿಯಾ ಇರುವ ಪಾಲಿಶ್ ಅಂತೂ ಹಿತ್ತಾಳೆಯನ್ನೇ ಬಿರುಕು ಬಿಡಿಸುತ್ತದೆ.

ಇನ್ನು ಜನ ಜಾಸ್ತಿ ಎಡವುವ ಜಾಗಕ್ಕೆ ಬರೋಣ. ಟ್ರಿಗರ್ ಒತ್ತಿದಿರಿ, ‘ಟಕ್’ ಎಂದಿತು, ಗುಂಡು ಹಾರಲಿಲ್ಲ. ತಕ್ಷಣ ನಳಿಕೆಯ ಹಿಂಬದಿ ಮುಚ್ಚುವ ಬೋಲ್ಟ್ ಎಳೆಯುತ್ತಾರೆ, ಅದೇ ತಪ್ಪು. ಮದ್ದು ತಡವಾಗಿ ಹತ್ತಿಕೊಳ್ಳಬಹುದು ಅಲ್ವಾ? ನಳಿಕೆಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ, ಸುಮ್ನೆ ಮನಸ್ಸಿನಲ್ಲೇ ಎಣಿಸಿ. ಆಮೇಲೆ ಮುಖ ಪಕ್ಕಕ್ಕೆ ತಿರುಗಿಸಿ ನಿಧಾನವಾಗಿ ಬೋಲ್ಟ್ ತೆಗೆಯಿರಿ. ಕನ್ನಡಕ ಹಾಕಿಯೇ ಇರಬೇಕು. ಹೊರಬಂದ ಕಾರ್ಟ್ರಿಜ್‌ನ ಅಂಚು ನೋಡಿ. ಏಟಿನ ಗುರುತು ಆಳವಾಗಿದ್ದರೆ ಆ ಜಾಗದಲ್ಲಿ ಮದ್ದಿಲ್ಲ ಅಥವಾ ಕೆಟ್ಟಿದೆ. ಗುರುತು ತೆಳುವಾಗಿದ್ದರೆ ರೈಫಲ್‌ನ ಏಟು ಕೊಡುವ ಪಿನ್ ಅಥವಾ ಅದರ ಸ್ಪ್ರಿಂಗ್ ಕಡೆ ಗಮನ ಕೊಡಿ. ತಿರುಗಿಸಿ ಹಾಕಿ ಮತ್ತೆ ಹೊಡೆಯುವವರಿದ್ದಾರೆ. ಕೆಲವೊಮ್ಮೆ ಹಾರುತ್ತದೆ, ಆದರೂ ನಾನು ಹಾಗೆ ಮಾಡುವುದಿಲ್ಲ, ನೀವೂ ಮಾಡಬೇಡಿ.

ಇದಕ್ಕಿಂತ ಅಪಾಯದ್ದು ‘ಟುಸ್’ ಎನ್ನುವ ಮೆತ್ತನೆಯ ಸದ್ದು. ಗುಂಡು ನಳಿಕೆಯಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಕೆ ಉಬ್ಬುತ್ತದೆ, ಒಡೆಯಲೂಬಹುದು. ಅಲ್ಲಿಗೇ ನಿಲ್ಲಿಸಿ. 30 ಸೆಕೆಂಡ್ ಕಾದು ರೈಫಲ್ ಖಾಲಿ ಮಾಡಿ, ಬೋಲ್ಟ್ ತೆಗೆದು, ಹಿಂಬದಿಯಿಂದ ಬೆಳಕು ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಕಡ್ಡಿ ಹಾಕಿ ಬಡಿಯಬೇಡಿ, ಬಂದೂಕು ರಿಪೇರಿ ಬಲ್ಲವರಿಗೆ ಕೊಡಿ.

ಬೇರೆ ಇಟ್ಟ ಕಾರ್ಟ್ರಿಜ್‌ಗಳನ್ನು ಕಸಕ್ಕೆ, ಬಾವಿಗೆ, ಒಲೆಗೆ ಹಾಕಬೇಡಿ. ಲೈಸೆನ್ಸ್ ತೆಗೆದುಕೊಂಡು ಹೋಗಿ ಬಂದೂಕು ಅಂಗಡಿಯಲ್ಲಿ ಅಥವಾ ಪೊಲೀಸ್ ಠಾಣೆಯಲ್ಲಿ ಕೇಳಿ, ಅವರು ಹೇಳಿದ ಹಾಗೆ ಒಪ್ಪಿಸಿ. ಮುಟ್ಟಿದ್ದು ಸೀಸ, ಹಾಗಾಗಿ ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯಿರಿ.