ಗೇಮಿನ ಮಳೆ ಬೇರೆ, ಆಕಾಶದ ಮಳೆ ಬೇರೆ: ಇಬ್ಬರೇ ಗ್ರೌಡನ್ ಹೊಡೆದ ಅನುಭವ

ಮೊದಲೇ ಹೇಳಿಬಿಡುತ್ತೇನೆ. ಪೋಕೆಮಾನ್ ಗೋ ಅನ್ನುವ ಫೋನ್ ಗೇಮಿನಲ್ಲಿ ಗ್ರೌಡನ್ ರೇಡನ್ನು (ಗ್ರೌಡನ್ ಅನ್ನುವ ಬಲಿಷ್ಠ ಪೋಕೆಮಾನನ್ನು ಹಲವರು ಸೇರಿ ಸಮಯದೊಳಗೆ ಸೋಲಿಸುವ ಕಾಳಗ) ನಾನು ಮತ್ತು ನನ್ನ ಅಕ್ಕನ ಮಗ ಇಬ್ಬರೇ ಮುಗಿಸಿದ್ದೇವೆ. ಮುಗಿದಾಗ ಟೈಮರಿನಲ್ಲಿ ಇನ್ನೂ ಒಂಬತ್ತೋ ಹತ್ತೋ ಸೆಕೆಂಡ್ ಇತ್ತು. "ನಾಲ್ಕು ಜನ ಇಲ್ದೆ ಆಗಲ್ಲ ಅಣ್ಣಾ, ಸುಮ್ನೆ ಪಾಸ್ ದಂಡ" ಅಂತ ಶಿವಮೊಗ್ಗದ ಹುಡುಗರು ಎರಡು ವರ್ಷದಿಂದ ಹೇಳುತ್ತಿದ್ದರು. (ಪಾಸ್ ಅಂದರೆ ರೇಡಿನ ಟಿಕೆಟ್ಟು.) ಸ್ಕ್ರೀನ್‌ಶಾಟ್ ಕಳಿಸಿದರೆ ಒಬ್ಬ "ಮೂರನೆಯವರನ್ನ ಕತ್ತರಿಸಿ ಕಳಿಸಿದೀರಾ?" ಅಂತ ಕೇಳಿದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರಿಗೇನು, ಭಾನುವಾರ ಸಂಜೆ ಗಾಂಧಿ ಪಾರ್ಕಿಗೆ ಹೋದರೆ ಎಂಟು ಹತ್ತು ಜನ ಸಿಗುತ್ತಾರೆ, ಏನನ್ನು ಬೇಕಾದರೂ ಹೊಡೆಯಬಹುದು. ನಾನಿರುವುದು ತೀರ್ಥಹಳ್ಳಿ ಹತ್ತಿರ, ಅಡಿಕೆ ತೋಟ. ಶಿವಮೊಗ್ಗ ಅರವತ್ತು ಕಿಲೋಮೀಟರ್. ಒಂದು ರೇಡಿಗೆ ಅರ್ಧ ದಿನ, ಬಸ್ಸು ತಿಂಡಿ ಅಂತ ಇನ್ನೂರೈವತ್ತು ರೂಪಾಯಿ. ಮನೆಯಲ್ಲೇ ಕೂತು ರಿಮೋಟ್ ಪಾಸಲ್ಲಿ ಆಡೋಣ ಅಂದರೆ 2023ರಲ್ಲಿ 100 ಕಾಯಿನ್ (ಗೇಮಿನ ದುಡ್ಡು) ಇದ್ದದ್ದನ್ನು 195 ಮಾಡಿ ಕೂತರು. ಜಿಮ್ಮಿಂದ (ನಮ್ಮ ಪೋಕೆಮಾನನ್ನು ಕಾವಲು ಕೂರಿಸುವ, ರೇಡೂ ನಡೆಯುವ ಜಾಗ) ದಿನಕ್ಕೆ ಸಿಗುವುದೇ ಹೆಚ್ಚೆಂದರೆ 50. ಅದೂ ನಮ್ಮ ಕಡೆ ಸಿಗುವುದಿಲ್ಲ. ನನ್ನ ಬ್ಲಿಸ್ಸಿ ಅನ್ನುವ ಪೋಕೆಮಾನ್ ಒಮ್ಮೆ ಇಪ್ಪತ್ತು ದಿನ ಜಿಮ್ಮಲ್ಲಿ ಕೂತಿತ್ತು. ಹೊಡೆದು ಕೆಳಗಿಳಿಸುವವರು ಯಾರೂ ಇಲ್ಲ, ಇಳಿಯದೆ ಕಾಯಿನ್ನೂ ಇಲ್ಲ. ಕೊನೆಗೆ ಪುಟ್ಟನಿಗೆ (ಅಕ್ಕನ ಮಗ, ಪಿಯುಸಿ) ಬೇರೆ ಟೀಮ್ ಸೇರಿಸಿದೆ. ಈಗ ಬೆಳಿಗ್ಗೆ ಅವನು ನನ್ನದನ್ನು ಇಳಿಸುತ್ತಾನೆ, ಸಂಜೆ ನಾನು ಅವನದನ್ನು. ಒಪ್ಪಂದದ ಜಗಳ.

ಲೆಕ್ಕ ಇಷ್ಟೇ. ಬಾಸಿನ, ಅಂದರೆ ಗ್ರೌಡನ್ನಿನ, ಆಯುಸ್ಸು 15,000, ಸಮಯ 300 ಸೆಕೆಂಡ್. ಇಬ್ಬರೇ ಅಂದರೆ ತಲಾ ಸೆಕೆಂಡಿಗೆ 25, ಒಂದು ಕ್ಷಣವೂ ನಿಲ್ಲದೆ. ಗ್ರೌಡನ್ ನೆಲದ ಜಾತಿ, ನೀರಿಗೆ ಸೋಲುತ್ತದೆ; ಆದರೂ ಕೈಯೋಗರ್ ಅನ್ನುವ ಬಲಿಷ್ಠ ನೀರಿನ ಪೋಕೆಮಾನ್‌ಗಳನ್ನೇ ಸಾಲಾಗಿ ನಿಲ್ಲಿಸಿದರೂ ಬಿಸಿಲಲ್ಲಿ ಇದು ಆಗುವುದಿಲ್ಲ. ಆದರೆ ಮಳೆ ಇದ್ದರೆ ನೀರಿನ ಮೂವ್‌ಗಳಿಗೆ (ಏಟುಗಳಿಗೆ) ಶೇಕಡಾ 20 ಜಾಸ್ತಿ, ಇಬ್ಬರೂ ಗೇಮಿನಲ್ಲಿ ಬೆಸ್ಟ್ ಫ್ರೆಂಡ್ ಆಗಿದ್ದರೆ ಇನ್ನೊಂದು ಹತ್ತು. ಮಳೆ ತಾನೇ, ತೀರ್ಥಹಳ್ಳಿಯಲ್ಲಿ ಮಳೆಗೆ ಏನು ಬರ ಅಂದುಕೊಂಡೆ. ನನ್ನ ಮೊದಲ ದಡ್ಡತನ ಅದೇ.

ಪುನರ್ವಸು ಮಳೆ ಹೊಡೆಯುತ್ತಿತ್ತು. ರಾಮೇಶ್ವರ ದೇವಸ್ಥಾನದ ಹತ್ತಿರ ಕೊಡೆ ಹಿಡಿದು ನಿಂತಿದ್ದೇವೆ, ಪಕ್ಕದವನ ಮಾತು ಕೇಳದಷ್ಟು ಮಳೆ, ತುಂಗೆ ಕೆಂಪಗೆ ಉಕ್ಕಿ ಹರಿಯುತ್ತಿದ್ದಾಳೆ. ಗೇಮ್ ತೆಗೆದರೆ ಮೋಡ. ಬರೀ ಮೋಡ! ಒಂದು ಹನಿ ಇಲ್ಲ. ಆದರೂ ಹಟಕ್ಕೆ ಬಿದ್ದು ನಾಲ್ಕು ಸಲ ಹೊಡೆದೆವು, ನಾಲ್ಕು ಸಲವೂ ಕಾಲು ಭಾಗ ಉಳಿಯಿತು. ಅದರ ಮೇಲೆ ಪರದೆಗೆ ಬಿದ್ದ ಹನಿಯನ್ನೇ ಫೋನು ಬೆರಳು ಅಂದುಕೊಂಡು, ಹೊಡೆಯುವುದನ್ನು ಬಿಟ್ಟು ಪೋಕೆಮಾನ್ ಬದಲಾಯಿಸುವ ಪಟ್ಟಿ ತೆಗೆಯಿತು. ಒರೆಸಿದರೆ ಇನ್ನೂ ಎರಡು ಹನಿ. ನೂರೈವತ್ತು ರೂಪಾಯಿ ಕೊಟ್ಟು ಪ್ಲಾಸ್ಟಿಕ್ ಚೀಲ ತಂದೆ, ಒಳಗೆ ಬೆವರಿ ಮಂಜು ಕಟ್ಟಿತು. ಅಂಗಡಿಯ ತಗಡಿನ ಮಾಡಿನಡಿ ನಿಂತರೆ ಜಿಪಿಎಸ್ ಜಿಗಿದು ನನ್ನನ್ನು ಹೊಳೆ ಮಧ್ಯೆ ನಿಲ್ಲಿಸಿತು, ಜಿಮ್ಮಿನ 80 ಮೀಟರಿನ ಆಚೆ. ಕೊನೆಗೆ ಸರಿಹೋದದ್ದು ನಮ್ಮ ಹಳೇ ಓಮ್ನಿ. ಹಿಂದಿನ ಸೀಟಲ್ಲಿ ಕೂತು ಗಾಜು ಅರ್ಧ ಇಳಿಸಿದರೆ ಆಯಿತು. ಅಡಿಕೆ ಚೀಲದ ವಾಸನೆ ಇರುತ್ತದೆ, ಅಷ್ಟೇ.

ಗೇಮಿನ ಹವಾಮಾನ ಕಿಟಕಿ ಆಚೆ ನೋಡಿ ಹಾಕುವುದಲ್ಲ. ಅದು ಮುನ್ಸೂಚನೆಯಿಂದ ಬರುತ್ತದೆ, ಗಂಟೆಗೊಮ್ಮೆ ಬದಲಾಗುತ್ತದೆ, ಒಂದೊಂದು ಚೌಕಕ್ಕೆ ಒಂದೊಂದು. ಈ ಚೌಕ ಸುಮಾರು ಹತ್ತು ಕಿಲೋಮೀಟರ್ ಅಗಲ. ಇದು ಕೇಳಿ ಗೊತ್ತಿತ್ತು, ಆದರೆ ನಂಬಿ ಕೆಲಸ ಮಾಡಿರಲಿಲ್ಲ.

ಅಪ್ಪ ಮೂವತ್ತು ವರ್ಷದಿಂದ ಮಳೆ ಲೆಕ್ಕ ಬರೆಯುತ್ತಾರೆ. ಅಂಗಳದಲ್ಲಿ ಮಳೆ ಮಾಪಕ, ಬೆಳಿಗ್ಗೆ ಕಾಫಿಗೆ ಮೊದಲು ಅಳೆದು ಡೈರಿಯಲ್ಲಿ ಒಂದು ಸಾಲು. "120 ಮಿ.ಮೀ. ಗಾಳಿ." ಅಷ್ಟೇ. ನಾನೂ ಅದೇ ಡೈರಿಯ ಬಲಬದಿಯಲ್ಲಿ ಪೆನ್ಸಿಲಿನಲ್ಲಿ ಗೇಮಿನ ಹವಾಮಾನ ಬರೆಯತೊಡಗಿದೆ. ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ, ಎಚ್ಚರ ಇದ್ದ ಗಂಟೆಗಳೆಲ್ಲ. ಸುಮಾರು ಐದು ವಾರ ಬರೆದೆ. ಮಧ್ಯೆ ಮೂರು ದಿನ ಕರೆಂಟೂ ಇಲ್ಲ ಟವರೂ ಇಲ್ಲ, ಆ ಸಾಲು ಖಾಲಿ. ಅಪ್ಪನ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಹೊಂದಿದ್ದು ಹತ್ತರಲ್ಲಿ ಐದೋ ಆರೋ ಸಲ. ಜೋರು ಮಳೆಯ ದಿನ ಗೇಮಲ್ಲಿ ಮೋಡ, ಇಲ್ಲವೇ ಮಂಜು. ಹೊಳವಾದ (ಮಳೆ ಬಿಟ್ಟ) ದಿನ ಮಧ್ಯಾಹ್ನ ಮೇಲೆ ಗೇಮಲ್ಲಿ ಧಾರಾಳ ಮಳೆ. ಆಮೇಲೆ ಯಾವ ಮುನ್ಸೂಚನೆಯನ್ನು ಯಾವ ಹೊತ್ತಿಗೆ ನೋಡಿದರೆ ಮುಂದಿನ ಏಳೆಂಟು ಗಂಟೆ ಸರಿಯಾಗಿ ಹೇಳಬಹುದು ಅಂತ ಗೊತ್ತಾಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಐದು ವಾರ ನಿದ್ದೆಗೆಟ್ಟದ್ದು ನಾನು, ನೀವೂ ಒಂದು ಡೈರಿ ಇಡಿ.

ಹವಾಮಾನ ಹಿಡಿದ ಮೇಲೂ ಎರಡು ಸಲ ಸೋತೆವು. ಒಮ್ಮೆ 4:58ಕ್ಕೆ ಲಾಬಿಗೆ ಹೋದೆವು, ಎರಡು ನಿಮಿಷ ಕಾಯುವಷ್ಟರಲ್ಲಿ ಐದು ಹೊಡೆದು ಮಳೆ ಹೋಗಿ ಮೋಡ ಬಂತು. ಇನ್ನೊಮ್ಮೆ ಸೋಲಾರ್ ಬೀಮ್, ಗ್ರೌಡನ್ ಹೊಡೆಯುವ ಹುಲ್ಲಿನ ಜಾತಿಯ ಏಟು. ನನ್ನ ಟೀಮಲ್ಲಿ ಮೂರು ಸ್ವಾಂಪರ್ಟ್ ಇದ್ದವು, 2019ರ ಜುಲೈ ಕಮ್ಯುನಿಟಿ ಡೇಯಲ್ಲಿ (ಗೇಮಿನ ವಿಶೇಷ ದಿನ) ಶಿವಮೊಗ್ಗದ ನೆಹರೂ ರಸ್ತೆ ಸುತ್ತಿ ಸುತ್ತಿ ಹೈಡ್ರೋ ಕ್ಯಾನನ್ ಅನ್ನುವ ನೀರಿನ ಏಟು ಕಲಿಸಿದ್ದು, ಬಹಳ ಪ್ರೀತಿಯವು. ನೀರು ಮತ್ತು ನೆಲ ಎರಡೂ ಸೇರಿದ ಪ್ರಾಣಿಗೆ ಹುಲ್ಲಿನ ಏಟು ಎರಡು ಪಟ್ಟಿಗೂ ಮೇಲೆ ಅಂತ ಗೊತ್ತಿದ್ದೂ ನಿಲ್ಲಿಸಿದ್ದೆ. ಒಂದೊಂದು ಏಟಿಗೆ ಒಂದೊಂದು ಮಲಗಿದವು. "ಮಾವ, ನಿಮ್ಮವು ಅಡಿಕೆ ಉದುರಿದಂಗೆ ಉದುರ್ತಾ ಇದಾವೆ" ಅಂದ ಪುಟ್ಟ.

ಅಂದಿನಿಂದ ಮೊದಲ ಯತ್ನವನ್ನು ಗೆಲ್ಲೋಕೆ ಆಡುವುದಿಲ್ಲ. ಪಾಸ್ ಒಮ್ಮೆ ಹಾಕಿದರೆ ಬಾಸ್ ಇರುವ 45 ನಿಮಿಷ ಎಷ್ಟು ಸಲ ಬೇಕಾದರೂ ಹೋಗಬಹುದು. ಮೊದಲು ಹೋಗಿ ಮೂವ್ ನೋಡಿಕೊಂಡು ಬರುವುದು, ಸೋಲಾರ್ ಬೀಮ್ ಆದರೆ ಓಮ್ನಿ ತಿರುಗಿಸಿ ಮನೆಗೆ. ನೆಲದ ಏಟಾದ ಅರ್ತ್‌ಕ್ವೇಕ್ ಆದರೆ ಹಬ್ಬ.

ಹಬ್ಬ ಯಾಕೆ ಅಂದರೆ ಗ್ಯಾರಡೋಸ್, ಇನ್ನೊಂದು ನೀರಿನ ಪೋಕೆಮಾನ್. ಇದು ನನ್ನ ಸ್ವಂತ ಪ್ರಯೋಗ, ಎಲ್ಲರೂ ನಕ್ಕಿದ್ದರು. ಹೊಡೆತ ಕೈಯೋಗರ್‌ಗಿಂತ ಕಡಿಮೆಯೇ, ಒಪ್ಪುತ್ತೇನೆ. ಆದರೆ ಅದು ಹಾರುವ ಜಾತಿಯೂ ಹೌದು, ಅರ್ತ್‌ಕ್ವೇಕ್ ಅದಕ್ಕೆ ತಾಗಿದಂತೆಯೇ ಇಲ್ಲ. ಕೈಯೋಗರ್ ಅರ್ಧ ನಿಮಿಷದಲ್ಲಿ ಬೀಳುವ ಕಡೆ ಇದು ಒಂದು ನಿಮಿಷದ ಹತ್ತಿರ ನಿಲ್ಲುತ್ತದೆ. ಆರೂ ಸತ್ತು ಮತ್ತೆ ಲಾಬಿಗೆ ಬಂದು ಸೇರುವುದಕ್ಕೆ ಹದಿನೈದು ಸೆಕೆಂಡ್ ಹಾಳಾಗುತ್ತದಲ್ಲ, ಅದು ಒಂದು ಸಲ ಉಳಿಯಿತು. ಮ್ಯಾಜಿಕಾರ್ಪನ್ನು ಗ್ಯಾರಡೋಸ್ ಮಾಡೋಕೆ ಬೇಕಾದ 400 ಕ್ಯಾಂಡಿ ತುಂಗೆಯ ದಂಡೆಯಲ್ಲಿ ನಡೆದೇ ಕೂಡಿಸಿದ್ದು, ಖರ್ಚಿಲ್ಲ. ಇನ್ನೊಂದು ಪ್ರಯೋಗ ಹುಲ್ಲಿನ ಜಾತಿಯ ಕಾರ್ಟಾನಾ. ಕಾಗದದಲ್ಲಿ ಅದ್ಭುತ, ಗ್ರೌಡನ್ನಿನ ಬೆಂಕಿ ಏಟು ಫೈರ್ ಬ್ಲಾಸ್ಟ್ ಬಿದ್ದ ದಿನ ಕಾಗದದ ಹಾಗೇ ಉರಿದುಹೋಯಿತು. ಪಾರ್ಟಿ ಪ್ಲೇ (ಗುಂಪು ಕಟ್ಟಿ ಆಡುವುದು) ಕೂಡ ನೋಡಿದೆವು. ಚಾರ್ಜ್ಡ್ (ದೊಡ್ಡ) ಏಟು ದುಪ್ಪಟ್ಟಾಗುವುದೇನೋ ಹೌದು, ಆದರೆ ನಮ್ಮ ಸಿಗ್ನಲ್ಲಿಗೆ ಇಬ್ಬರ ಫೋನೂ ಬಿಸಿಯಾಗಿ ನಿಂತುಬಿಟ್ಟವು. ಬಿಟ್ಟೆವು. ಅಂದರೆ ನಾವು ಗೆದ್ದದ್ದು ಅದಿಲ್ಲದೆ, ಗಮನಿಸಿ.

ಖರ್ಚು ಕೇಳುವವರಿಗೆ: ಒಂದು ಕೈಯೋಗರನ್ನು 20ನೇ ಲೆವೆಲ್ಲಿಂದ 40ಕ್ಕೆ ಏರಿಸೋಕೆ ಎರಡೂಕಾಲು ಲಕ್ಷ ಸ್ಟಾರ್‌ಡಸ್ಟ್, 248 ಕ್ಯಾಂಡಿ. ನಾನು ಏರಿಸಿದ್ದು ಮೂರು. ರೇರ್ ಕ್ಯಾಂಡಿ ಎಲ್ಲ ಅಲ್ಲಿಗೇ ಹೋಯಿತು. ನೀರಿನ ಏಟಾದ ಸರ್ಫ್ ಬರುವವರೆಗೆ ಟಿಎಂ (ಮೂವ್ ಬದಲಿಸುವ ಸಾಮಾನು) ಸುರಿದೆ, ಥಂಡರ್ ಬಂತು, ಬ್ಲಿಝರ್ಡ್ ಬಂತು, ನಾಲ್ಕನೆಯದಕ್ಕೋ ಐದನೆಯದಕ್ಕೋ ಸರ್ಫ್ ಬಂತು. ಕೈಯಿಂದ ಹೋದ ನಿಜವಾದ ದುಡ್ಡು ಎರಡು ವರ್ಷದಲ್ಲಿ ನಾಲ್ಕು ಸಾವಿರದ ಹತ್ತಿರ, ಜೊತೆಗೆ ಪುಟ್ಟನಿಗೆ ಎಂಟು ಸಾವಿರಕ್ಕೆ ಒಂದು ಹಳೇ ಫೋನ್. ಅಕ್ಕನಿಗೆ ಅದು ಓದೋಕೆ ಅಂತ ಹೇಳಿದ್ದೇನೆ. ಬೆಸ್ಟ್ ಫ್ರೆಂಡ್ ಆಗೋಕೆ ದುಡ್ಡು ಬೇಡ, 90 ದಿನ ಬೇಕು.

ಗೆದ್ದದ್ದು ಆಶ್ಲೇಷಾ ಮಳೆಯ ಹೊತ್ತಲ್ಲಿ. ಅವತ್ತು ಬೆಳಿಗ್ಗೆ ನೋಡಿದೆ, ಮೂರಕ್ಕೆ ಗೇಮಲ್ಲಿ ಮಳೆ ಗ್ಯಾರಂಟಿ. ಗ್ರೌಡನ್ ಹೊರಬರುವ ಮೊಟ್ಟೆ ಒಡೆಯುವುದು ಮೂರು ಹತ್ತಕ್ಕೆ. ಮೊದಲ ಸಲ ಇಣುಕಿ ನೋಡಿದರೆ ಡ್ರ್ಯಾಗನ್ ಟೇಲ್, ಅರ್ತ್‌ಕ್ವೇಕ್. ಪುಟ್ಟ ಮೆಗಾ ಬ್ಲಾಸ್ಟಾಯ್ಸ್ ಇಳಿಸಿದ, ಅದು ನಿಂತಿರುವಷ್ಟು ಹೊತ್ತು ನನ್ನ ನೀರಿನವಕ್ಕೆ ಶೇಕಡಾ 30 ಜಾಸ್ತಿ. ಎರಡನೇ ಟೀಮನ್ನು ಮೊದಲೇ ಕಟ್ಟಿಟ್ಟುಕೊಂಡಿದ್ದೆವು, ಸತ್ತವಕ್ಕೆ ಔಷಧಿ ಕೊಡುತ್ತಾ ಕೂರಲಿಲ್ಲ. ಒಂದು ನಿಮಿಷ ಉಳಿದಾಗ ಬಾಸಿನ ಪಟ್ಟಿ ಕಾಲು ಭಾಗಕ್ಕಿಂತ ಚೂರು ಕೆಳಗಿತ್ತು. ಇಬ್ಬರೂ ಮಾತಾಡಲಿಲ್ಲ. ಕಷ್ಟ ಆದದ್ದು ಬಿಸಿಲಿನದು. ಹೌದು, ಬಿಸಿಲು! ಗೇಮಲ್ಲಿ ಧೋ ಮಳೆ, ಹೊರಗೆ ಎರಡು ವಾರದ ಮೇಲೆ ಮೊದಲ ಸಲ ಹೊಳವಾಗಿ ಓಮ್ನಿಯ ಗಾಜಿಂದ ಬಿಸಿಲು ನೇರ ಪರದೆಗೆ ಹೊಡೆಯುತ್ತಿತ್ತು. ಪುಟ್ಟ ಬೈರಾಸನ್ನು ತಲೆ ಮೇಲೆ ಮುಸುಕು ಹಾಕಿಕೊಂಡು ಒಳಗಿಂದಲೇ ಕುಟ್ಟುತ್ತಿದ್ದ. ಮುಸುಕಿನೊಳಗಿಂದಲೇ "ಬಿತ್ತು ಮಾವ!" ಅಂತ ಕೂಗಿದ.

ಗೆದ್ದ ಮೇಲೆ ಬಾಲ್ ಎಸೆದು ಗ್ರೌಡನ್ ಹಿಡಿಯುವಾಗ ಅವನದು ಮೂರನೇ ಬಾಲಿಗೆ ಸಿಕ್ಕಿತು. ನನ್ನದು ಎಲ್ಲ ಬಾಲ್ ತಿಂದು ಓಡಿಹೋಯಿತು.

ಮನೆಗೆ ಬಂದಾಗ ಐದು ದಾಟಿತ್ತು. ಹೊಳವಾದ ದಿನ ಅಂದರೆ ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನ ಅಂತ ಅಡಿಕೆಯವರಿಗೆ ಹೇಳಬೇಕಿಲ್ಲ. ಮೈಲುತುತ್ತ ಸುಣ್ಣ ಕದಡಿಟ್ಟ ಡ್ರಮ್ಮು ಅಂಗಳದಲ್ಲಿ ಅರ್ಧ ಹಾಗೇ ಇತ್ತು. ಪೈಪು ಹಿಡಿಯೋಕೆ ಜನ ಇಲ್ಲದೆ ಮರ ಹತ್ತುವವನು ನಾಲ್ಕಕ್ಕೇ ಹೋಗಿದ್ದ. ಅಪ್ಪ ಏನೂ ಅನ್ನಲಿಲ್ಲ. ರಾತ್ರಿ ಪೆನ್ಸಿಲ್ ಹಿಡಿದು ಡೈರಿ ತೆಗೆದರೆ ಎಡಬದಿಯಲ್ಲಿ ಆಗಲೇ ಬರೆದಿಟ್ಟಿದ್ದರು: "ಮಳೆ 0. ಔಷಧಿ ಅರ್ಧ. ಮಗ ಪೇಟೆಯಲ್ಲಿ." ನಾನು ಬಲಬದಿಯಲ್ಲಿ "3ರಿಂದ 4 ಮಳೆ" ಅಂತ ಬರೆದು ಮುಚ್ಚಿಟ್ಟೆ.